ಮಾಸ್ತರಿಕೆಗೆ ವಿದೇಶ, ನಡುವೆ ಒಬ್ಬ ಏಜೆಂಟ್: ಕಾರವಾರ, ಶಿರಸಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕೂಡ, ಬಿ.ಎಡ್. ಮುಗಿಸಿ ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿರುವ ಮಾಸ್ತರು, ಅಕ್ಕೋರು (ಟೀಚರಮ್ಮಂದಿರು) ತುಂಬ ಜನ ಇದ್ದಾರೆ. ಸಂಬಳ ಎಷ್ಟು ಅಂತ ಕೇಳಿದರೆ ಸುಮ್ನೆ ನಗುತ್ತಾರೆ. ಒಂದು ದಿನ ವಾಟ್ಸಾಪಿನಲ್ಲಿ ಪೋಸ್ಟರ್ ಬರುತ್ತದೆ: 'ದುಬೈ, ಮಸ್ಕತ್, ಮಾಲ್ಡೀವ್ಸ್. ಟೀಚರ್ ಬೇಕಾಗಿದ್ದಾರೆ. ವೀಸಾ ಗ್ಯಾರಂಟಿ.' ಅಲ್ಲಿಂದ ಶುರುವಾಗುವ ಪ್ರಶ್ನೆಗಳು ಇವು. ನಾನು ಗಲ್ಫಿನ ಶಾಲೆಯೊಂದರಲ್ಲಿ ಪಾಠ ಹೇಳಿ ಬಂದವನು. ಹಾಗಾಗಿ ಊರಿನವರು ಕಾಗದಪತ್ರ ಹಿಡಿದುಕೊಂಡು ಮನೆಗೆ ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಏಜೆಂಟ್ ಇಲ್ಲದೆ ಹೋಗೋಕೆ ಆಗೋದೇ ಇಲ್ವಾ?

ಆಗುತ್ತದೆ. ಬಹಳ ಜನ ಹಾಗೇ ಹೋಗಿದ್ದಾರೆ.

ಪ್ರವಾಸಕ್ಕೆ ಹೋಗುವಾಗ ವೀಸಾಕ್ಕೆ ನೀವೇ ಅರ್ಜಿ ಹಾಕುತ್ತೀರಿ. ಕೆಲಸದ ವೀಸಾ ಹಾಗಲ್ಲ, ಅದನ್ನು ಶುರು ಮಾಡುವುದೇ ನಿಮ್ಮನ್ನು ಕೆಲಸಕ್ಕೆ ಕರೆದ ಶಾಲೆ. ದುಬೈ, ಶಾರ್ಜಾ ಇರುವ ಯುಎಇಯನ್ನೇ ನೋಡಿ. ಶಾಲೆ ಆಫರ್ ಲೆಟರ್ ಕಳಿಸುತ್ತದೆ, ನೀವು ಸಹಿ ಹಾಕಿ ವಾಪಸ್ ಕಳಿಸುತ್ತೀರಿ. ಶಾಲೆಯವರು ಅಲ್ಲಿನ ಕಾರ್ಮಿಕ ಸಚಿವಾಲಯದಿಂದ ವರ್ಕ್ ಪರ್ಮಿಟ್ ತೆಗೆಯುತ್ತಾರೆ. ಆಮೇಲೆ ಎಂಟ್ರಿ ಪರ್ಮಿಟ್ ಬರುತ್ತದೆ. ನೀವು ಅಲ್ಲಿ ಇಳಿದ ಮೇಲೆ ಮೆಡಿಕಲ್, ಎಮಿರೇಟ್ಸ್ ಐಡಿ, ರೆಸಿಡೆನ್ಸಿ. ಇದರಲ್ಲಿ ಏಜೆಂಟ್ ಸಹಿ ಹಾಕುವ ಜಾಗ ಎಲ್ಲೂ ಇಲ್ಲ.

ಅಂದರೆ ಕೆಲಸ ಕೊಡುವುದು ಶಾಲೆ, ವೀಸಾ ಕೊಡುವುದು ಆ ದೇಶ. ಏಜೆಂಟ್ ಕೊಡುವುದು ಓಡಾಟ ಮಾತ್ರ. ಓಡಾಟಕ್ಕೆ ಎಷ್ಟು ಬೆಲೆಯೋ ಅಷ್ಟೇ ಕೊಡಿ. ಮುಂದಿನ ಎಷ್ಟೋ ಪ್ರಶ್ನೆಗಳಿಗೆ ಇದೇ ಉತ್ತರ, ಆದರೂ ಒಂದೊಂದಾಗಿ ಹೇಳುತ್ತೇನೆ.

ಹಾಗಾದ್ರೆ ಶಾಲೆ ಹುಡುಕೋದು ಹೇಗೆ? ನಮಗೆ ಅಲ್ಲಿ ಯಾರೂ ಗೊತ್ತಿಲ್ಲ.

ಗಲ್ಫಿನಲ್ಲಿ ಸಿಬಿಎಸ್‌ಇ ಶಾಲೆಗಳು ತುಂಬ ಇವೆ. ವಿದೇಶದಲ್ಲಿ ಮಾನ್ಯತೆ ಪಡೆದ ಶಾಲೆಗಳ ಪಟ್ಟಿ ಸಿಬಿಎಸ್‌ಇ ಜಾಲತಾಣದಲ್ಲೇ ಸಿಗುತ್ತದೆ. ಶಾಲೆಯ ಹೆಸರು ಹಿಡಿದು ಅದರ ಸ್ವಂತ ಜಾಲತಾಣಕ್ಕೆ ಹೋಗಿ 'ಕೆರಿಯರ್ಸ್' ಪುಟ ನೋಡಿ. ಒಮಾನ್‌ನ ಇಂಡಿಯನ್ ಸ್ಕೂಲುಗಳೂ ಹೀಗೆ ನೇರವಾಗಿ ಜಾಹೀರಾತು ಹಾಕುತ್ತವೆ.

ಸಮಯ ನೋಡಿಕೊಳ್ಳಿ. ಗಲ್ಫಿನ ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್‌ನಲ್ಲಿ ಶುರುವಾಗುತ್ತವೆ. ಬ್ರಿಟಿಷ್, ಅಮೆರಿಕನ್ ಪಠ್ಯಕ್ರಮದವು ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ. ಏಪ್ರಿಲ್‌ಗೆ ಸೇರಬೇಕು ಅಂದರೆ ಡಿಸೆಂಬರ್, ಜನವರಿಯಲ್ಲೇ ಅರ್ಜಿ ಹೋಗಿರಬೇಕು. ನಮ್ಮಲ್ಲಿ ಪರೀಕ್ಷೆ ಎಲ್ಲ ಮುಗಿದು ಮೇ ತಿಂಗಳಲ್ಲಿ ಮಾವಿನಹಣ್ಣು ತಿನ್ನುತ್ತಾ ಅರ್ಜಿ ಹಾಕುವವರು ಜಾಸ್ತಿ. ಆ ಹೊತ್ತಿಗೆ ಭಾರತೀಯ ಶಾಲೆಗಳಲ್ಲಿ ಜಾಗ ತುಂಬಿರುತ್ತದೆ, ಉಳಿಯುವುದು ಏಜೆಂಟರ ಪೋಸ್ಟರ್ ಮಾತ್ರ.

ಭಟ್ಕಳ, ಹೊನ್ನಾವರ, ಕುಮಟಾದ ಕಡೆ ಗಲ್ಫಿನಲ್ಲಿ ಒಬ್ಬ ನೆಂಟರಾದರೂ ಇಲ್ಲದ ಮನೆ ಕಡಿಮೆ. ಅವರಿಂದ ಕೆಲಸ ಕೊಡಿಸಿ ಅಂತ ಕೇಳಬೇಡಿ, ಪಾಪ ಅವರಿಗೂ ಕಷ್ಟ. 'ಈ ಶಾಲೆ ನಿಜವಾಗಿ ಇದೆಯಾ, ಸಂಬಳ ಸರಿಯಾಗಿ ಕೊಡುತ್ತದೆಯಾ' ಅಂತ ಮಾತ್ರ ವಿಚಾರಿಸಿ ಹೇಳಲು ಕೇಳಿ. ಅದು ಅವರಿಂದ ಆಗುವ ಕೆಲಸ.

ಏಜೆಂಟರಲ್ಲಿ ಎಲ್ಲರೂ ಒಂದೇನಾ?

ಅಲ್ಲ. ಊರಲ್ಲಿ ಎಲ್ಲರನ್ನೂ 'ಏಜೆಂಟ್' ಅಂತಲೇ ಕರೆಯುತ್ತೇವೆ, ಗೊಂದಲ ಆಗುವುದು ಅಲ್ಲೇ.

ಮೊದಲನೆಯವರು ರಿಕ್ರೂಟಿಂಗ್ ಏಜೆಂಟ್. ವಿದೇಶದ ಮಾಲೀಕರ ಪರವಾಗಿ ಇಲ್ಲಿ ಜನ ಆರಿಸುವವರು. ಇವರಿಗೆ 1983ರ ವಲಸೆ ಕಾಯ್ದೆ ಪ್ರಕಾರ ವಿದೇಶಾಂಗ ಸಚಿವಾಲಯದ ನೋಂದಣಿ ಬೇಕೇ ಬೇಕು. ಎರಡನೆಯವರು ಟ್ರಾವೆಲ್ಸ್ ಅಂಗಡಿಯವರು, ಅಟೆಸ್ಟೇಷನ್ (ಸರ್ಟಿಫಿಕೇಟ್ ಅಸಲಿ ಅನ್ನುವ ಸರಕಾರಿ ಮುದ್ರೆ) ಮಾಡಿಸಿಕೊಡುವವರು. ಟಿಕೆಟ್ ತೆಗೆಯುವುದು, ಕಾಗದ ಬೆಂಗಳೂರಿಗೆ, ದೆಹಲಿಗೆ ಒಯ್ಯುವುದು ಇವರ ಕೆಲಸ. ಅದಷ್ಟನ್ನೇ ಮಾಡಿದರೆ ತಪ್ಪೇನಿಲ್ಲ, ಆದರೆ 'ಕೆಲಸ ಕೊಡಿಸುತ್ತೇನೆ' ಅಂತ ಬಾಯಿಬಿಟ್ಟರೆ ನೋಂದಣಿ ತೋರಿಸಬೇಕು. ಮೂರನೆಯವರು ಸಬ್ ಏಜೆಂಟ್. 'ಮುಂಬೈ ಆಫೀಸಿನವರು ನಮ್ಮವರೇ' ಅನ್ನುವವರು. ಇವರಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ನೋಂದಣಿ ಇದ್ದವರೂ ಸಬ್ ಏಜೆಂಟ್ ಇಟ್ಟುಕೊಳ್ಳುವ ಹಾಗಿಲ್ಲ.

ನಮ್ಮ ಜಿಲ್ಲೆಯಲ್ಲಿ ಜನ ಮೋಸ ಹೋಗುವುದನ್ನು ನೋಡಿದ್ದೇನೆ. ಅದರಲ್ಲಿ ಹೆಚ್ಚಿನದು ಈ ಮೂರನೆಯವರ ಕೈಯಲ್ಲಿ.

ಲೈಸೆನ್ಸ್ ಇದೆ ಅಂತ ಗೋಡೆ ಮೇಲೆ ಫ್ರೇಮ್ ಹಾಕಿದ್ದಾರೆ. ಸಾಕಾ?

ಸಾಲದು. ಫ್ರೇಮಿನಲ್ಲಿರುವ ನೋಂದಣಿ ನಂಬರನ್ನು ಫೋಟೋ ತೆಗೆದುಕೊಳ್ಳಿ. ಮನೆಗೆ ಬಂದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಹುಡುಕಿ. ಚಾಲ್ತಿಯಲ್ಲಿರುವ ಏಜೆಂಟರ ಪಟ್ಟಿ ಅಲ್ಲಿದೆ, ನೋಂದಣಿ ಇಲ್ಲದೆ ಸಿಕ್ಕಿಬಿದ್ದವರ ಪಟ್ಟಿಯೂ ಇದೆ. ಮೂರು ವಿಷಯ ತಾಳೆಯಾಗಬೇಕು: ಹೆಸರು, ವಿಳಾಸ, ಅವಧಿ. ನೋಂದಣಿ ಐದು ವರ್ಷಕ್ಕೆ ಸಿಗುತ್ತದೆ, ಆಮೇಲೆ ನವೀಕರಿಸಬೇಕು. ಅವಧಿ ಮುಗಿದ ಕಾಗದವನ್ನೇ ಗೋಡೆಗೆ ಹಾಕಿಕೊಂಡು ಕೂತವರೂ ಇರುತ್ತಾರೆ. ವಿಳಾಸ ಮುಂಬೈಯದ್ದು, ನಿಮ್ಮ ಜೊತೆ ಮಾತಾಡುತ್ತಿರುವುದು ಕುಮಟಾದ ಬಾಡಿಗೆ ಕೋಣೆಯಲ್ಲಿ ಅಂದರೆ ಮುಂಬೈ ಆಫೀಸಿಗೇ ಫೋನ್ ಮಾಡಿ, 'ಕುಮಟಾದಲ್ಲಿ ನಿಮ್ಮ ಶಾಖೆ ಇದೆಯಾ' ಅಂತ ಕೇಳಿ. ಪಟ್ಟಿಯಲ್ಲಿರುವ ನಂಬರಿಗೆ ಮಾಡಿ, ಇವರು ಕೊಟ್ಟ ನಂಬರಿಗಲ್ಲ.

ರಾಜ್ಯ ಸರಕಾರದ್ದೇ ಆದ ಅಂತರರಾಷ್ಟ್ರೀಯ ವಲಸೆ ಕೇಂದ್ರ ಬೆಂಗಳೂರಿನಲ್ಲಿದೆ, ಕೌಶಲಾಭಿವೃದ್ಧಿ ಇಲಾಖೆಯ ಕೆಳಗೆ. ಅಲ್ಲಿ ಟೀಚರ್ ಕೆಲಸ ಯಾವಾಗಲೂ ಇರುತ್ತದೆ ಅಂತಲ್ಲ, ಆದರೂ ಒಮ್ಮೆ ವಿಚಾರಿಸಿ ನೋಡಬಹುದು.

ಏಜೆಂಟ್ ನಮ್ಮೂರಿನವರೇ, ಮಾವನ ಕಡೆ ಸಂಬಂಧ. ಲೈಸೆನ್ಸ್ ಕೇಳಿದ್ರೆ ಬೇಜಾರು ಮಾಡ್ಕೊಳ್ತಾರಲ್ಲ?

ಮಾಡಿಕೊಳ್ಳಲಿ. ಬ್ಯಾಂಕಿನಲ್ಲಿ ಗುರುತಿನ ಚೀಟಿ ಕೇಳಿದರೆ ನಾವು ಬೇಜಾರು ಮಾಡಿಕೊಳ್ಳುತ್ತೇವಾ?

ಎಷ್ಟು ದುಡ್ಡು ಕೊಡಬೇಕು?

ನೋಂದಾಯಿತ ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 35,400. ಇದಕ್ಕಿಂತ ಒಂದು ರೂಪಾಯಿಯೂ ಜಾಸ್ತಿ ಕೇಳುವ ಹಾಗಿಲ್ಲ, ಕೊಟ್ಟದ್ದಕ್ಕೆ ರಸೀದಿ ಕೊಡಲೇಬೇಕು.

ಇದನ್ನು ಹೇಳಿದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ಯಾಕೆಂದರೆ ಅವರಿಗೆ ಹೇಳಿರುವ ರೇಟು ಎರಡು ಲಕ್ಷ, ಮೂರು ಲಕ್ಷ. ಕೆಲವರು ಆಗಲೇ ಸೊಸೈಟಿಯಲ್ಲಿ ಬಂಗಾರ ಇಟ್ಟಿರುತ್ತಾರೆ, ಇಲ್ಲ ಅಡಿಕೆ ಮಾರಿದ ದುಡ್ಡು ತೆಗೆದಿಟ್ಟಿರುತ್ತಾರೆ.

ಅಟೆಸ್ಟೇಷನ್, ಮೆಡಿಕಲ್, ಪಾಸ್‌ಪೋರ್ಟ್, ಪೊಲೀಸ್ ಸರ್ಟಿಫಿಕೇಟ್ ಖರ್ಚು ಬೇರೆ. ಅವು ನಿಮ್ಮ ಕಾಗದಕ್ಕೆ ನೀವು ಮಾಡುವ ಖರ್ಚು, ಒಂದೊಂದಕ್ಕೂ ರಸೀದಿ ಇರುತ್ತದೆ. 'ಎಲ್ಲಾ ಸೇರಿಸಿ ಪ್ಯಾಕೇಜ್' ಅನ್ನುವವರ ಹತ್ತಿರ ಪ್ರತಿಯೊಂದರ ಲೆಕ್ಕ ಬಿಡಿಸಿ ಬರೆಸಿಕೊಳ್ಳಿ. ಬಿಡಿಸಿದ ಕೂಡಲೇ ಪ್ಯಾಕೇಜ್ ಸಣ್ಣದಾಗುತ್ತದೆ.

'ವೀಸಾಕ್ಕೆ ಸ್ಕೂಲಿಗೇ ದುಡ್ಡು ಕಟ್ಟಬೇಕು' ಅಂತಾರೆ. ನಿಜಾನಾ?

ಯುಎಇಯಲ್ಲಿ ಕಾರ್ಮಿಕ ಕಾನೂನೇ ಇದಕ್ಕೆ ಅಡ್ಡ ಬರುತ್ತದೆ. 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ನೇಮಕಾತಿ ಖರ್ಚನ್ನು ಮಾಲೀಕರು ನೌಕರರಿಂದ ವಸೂಲಿ ಮಾಡುವ ಹಾಗಿಲ್ಲ, ನೇರವಾಗಿಯೂ ಇಲ್ಲ, ಸುತ್ತಿ ಬಳಸಿಯೂ ಇಲ್ಲ. ಸೌದಿಯಲ್ಲೂ ಇಕಾಮಾ (ವಾಸದ ಪರವಾನಗಿ), ವರ್ಕ್ ಪರ್ಮಿಟ್ ಶುಲ್ಕ ಮಾಲೀಕರದ್ದೇ. ಹಾಗಾಗಿ ವೀಸಾ ಶುಲ್ಕ ಅಂತ ಕೇಳುವ ಲಕ್ಷ ರೂಪಾಯಿ ಶಾಲೆಗೆ ಹೋಗುವುದಿಲ್ಲ, ನಡುವೆಯೇ ಇಳಿಯುತ್ತದೆ.

ಅಕ್ಕೋರಿಗೆ ಬಂದ ಆಫರ್ ಲೆಟರ್ ಅಸಲಿಯೋ ನಕಲಿಯೋ ಗೊತ್ತಾಗೋದು ಹೇಗೆ?

ಅಂಕೋಲಾ ಕಡೆಯ ಒಬ್ಬ ಹುಡುಗಿ ತಂದಿದ್ದ ಕಾಗದ ಇನ್ನೂ ಕಣ್ಣ ಮುಂದಿದೆ. ಶಾರ್ಜಾದ ಒಂದು ಶಾಲೆಯ ಲೆಟರ್‌ಹೆಡ್, ಬಣ್ಣದ ಲೋಗೋ, ಕೆಳಗೆ ಪ್ರಿನ್ಸಿಪಾಲರ ಸಹಿ, ಸೀಲು. ಮೇಲ್ನೋಟಕ್ಕೆ ಎಲ್ಲ ಚೆಂದ. ಹತ್ತಿರ ಹಿಡಿದು ನೋಡಿದರೆ ಸೀಲಿನ ಸುತ್ತ ಒಂದು ಬಿಳಿ ಚೌಕ ಕಾಣುತ್ತದೆ, ಅಂದರೆ ಎಲ್ಲಿಂದಲೋ ಕತ್ತರಿಸಿ ಅಂಟಿಸಿದ ಚಿತ್ರ. ಸಂಬಳ ಡಾಲರಿನಲ್ಲಿ ಬರೆದಿದ್ದರು. ಶಾರ್ಜಾದ ಶಾಲೆ ಸಂಬಳ ಕೊಡುವುದು ದಿರ್ಹಮ್‌ನಲ್ಲಿ, ಡಾಲರಿನಲ್ಲಿ ಯಾಕೆ ಬರೆಯುತ್ತದೆ? ಸೇರುವ ದಿನ ಜುಲೈ 15. ಆ ಹೊತ್ತಿಗೆ ಅಲ್ಲಿ ಬೇಸಿಗೆ ರಜೆ, ಶಾಲೆಗೆ ಬೀಗ. ಮೇಲ್ ಬಂದದ್ದು ಜಿಮೇಲ್ ವಿಳಾಸದಿಂದ. ಕೊನೆಯ ಸಾಲಿನಲ್ಲಿ ಡಿಪಾಸಿಟ್ ಹಾಕಬೇಕಾದ ಖಾತೆ, ಅದು ಭಾರತದ ಯಾರೋ ಒಬ್ಬರ ಸ್ವಂತ ಹೆಸರಿನಲ್ಲಿ.

ಆ ಹುಡುಗಿ ಶಾಲೆಯ ಅಸಲಿ ಜಾಲತಾಣ ತೆಗೆದು ಅಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. 'ನಾವು ಯಾರಿಗೂ ಹಾಗೆ ಕಾಗದ ಕಳಿಸಿಲ್ಲ' ಅಂದರು. ಒಂದು ಫೋನ್ ಕರೆ, ಅಷ್ಟೇ.

ಇನ್ನೊಂದು ಗುರುತು ಇಂಟರ್ವ್ಯೂ. ನಿಜವಾದ ಶಾಲೆ ನಿಮ್ಮ ವಿಷಯದವರನ್ನು ಕೂರಿಸಿ ಪ್ರಶ್ನೆ ಕೇಳುತ್ತದೆ, ಸಾಮಾನ್ಯವಾಗಿ ಒಂದು ಡೆಮೊ ಪಾಠವನ್ನೂ ಕೇಳುತ್ತದೆ. ವಾಟ್ಸಾಪಿನಲ್ಲಿ ಹತ್ತು ನಿಮಿಷ ಮಾತಾಡಿ, 'ಯು ಆರ್ ಸೆಲೆಕ್ಟೆಡ್' ಅಂದರೆ ಅನುಮಾನ ಪಡಿ. ಗಣಿತದ ಮಾಸ್ತರರನ್ನು ಒಂದು ಲೆಕ್ಕವನ್ನೂ ಕೇಳದೆ ಯಾರಾದರೂ ಕೆಲಸಕ್ಕೆ ತೆಗೆದುಕೊಳ್ಳುತ್ತಾರಾ?

ವೀಸಾ ಬಂದ ಮೇಲೂ ಪರೀಕ್ಷಿಸಬಹುದು. ಯುಎಇಯ ವರ್ಕ್ ಪರ್ಮಿಟ್, ಎಂಟ್ರಿ ಪರ್ಮಿಟ್ ಎರಡನ್ನೂ ಅಲ್ಲಿನ ಸರಕಾರಿ ಜಾಲತಾಣದಲ್ಲಿ ನಂಬರ್ ಹಾಕಿ ನೋಡಲು ಬರುತ್ತದೆ.

ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಕೆಲಸದ ವೀಸಾಕ್ಕೆ ಬದಲಾಯಿಸ್ಕೊಳ್ಳಿ ಅಂತಾರೆ. ಹೋಗಲಾ?

ಸ್ವಂತ ದುಡ್ಡು, ಸ್ವಂತ ಧೈರ್ಯ, ಉಳಿಯಲು ಅಣ್ಣನ ಮನೆ ಇದ್ದು, ಇಂಟರ್ವ್ಯೂ ಕೊಡಲು ಹೋಗುವುದಾದರೆ ಅದು ಬೇರೆ ಮಾತು. ಯುಎಇಯಲ್ಲಿ ಕೆಲಸ ಹುಡುಕಲು ಅಂತಲೇ ಒಂದು ವೀಸಾ ಇದೆ. ಆದರೆ ಆ ವೀಸಾದಲ್ಲಾಗಲಿ, ವಿಸಿಟ್ ವೀಸಾದಲ್ಲಾಗಲಿ ತರಗತಿಗೆ ಕಾಲಿಡುವ ಹಾಗಿಲ್ಲ. ಪರ್ಮಿಟ್ ಇಲ್ಲದೆ ಕೆಲಸ ಮಾಡಿಸಿದವರಿಗೆ ಅಲ್ಲಿ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್‌ವರೆಗೆ ದಂಡವಿದೆ, 2024ರಲ್ಲಿ ಏರಿಸಿದರು. ಅಷ್ಟು ದಂಡ ಇರುವಾಗ ಒಳ್ಳೆಯ ಶಾಲೆ ಆ ರಿಸ್ಕ್ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳುವ ಶಾಲೆಯಲ್ಲಿ ನಿಮಗೆ ಸಂಬಳದ ಗ್ಯಾರಂಟಿ ಇಲ್ಲ.

ಏಜೆಂಟ್ ದುಡ್ಡು ತೆಗೆದುಕೊಂಡು ವಿಸಿಟ್ ವೀಸಾ ಕೈಗಿಟ್ಟರೆ, ಅವರು ಕೊಟ್ಟದ್ದು ಟಿಕೆಟ್ ಮಾತ್ರ. ಕೆಲಸ ಕೊಟ್ಟಿಲ್ಲ.

ಥಾಯ್ಲೆಂಡ್ ವಿಷಯದಲ್ಲಿ ಇನ್ನೂ ಹುಷಾರು. ಅಲ್ಲಿ ಕೆಲಸ ಅಂತ ಕರೆಸಿಕೊಂಡು ಮ್ಯಾನ್ಮಾರ್‌ಗೆ ದಾಟಿಸಿ, ಸೈಬರ್ ವಂಚನೆ ಕೇಂದ್ರಗಳಲ್ಲಿ ಕೂರಿಸಿದ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಅವರು ಕರೆದದ್ದು ಹೆಚ್ಚಾಗಿ ಕಂಪ್ಯೂಟರ್ ಬಲ್ಲ ಹುಡುಗರನ್ನು, ಆದರೆ 'ಆನ್‌ಲೈನ್ ಇಂಗ್ಲಿಷ್ ಟೀಚರ್' ಅನ್ನುವ ಹೆಸರಿನಲ್ಲಿ ನಿಮಗೂ ಅಂಥ ಕರೆ ಬರಬಹುದು.

ವೀಸಾದಲ್ಲಿ 'ಟೀಚರ್' ಅಂತ ಇಲ್ಲ, ಬೇರೆ ಏನೋ ಇದೆ. ಪರವಾಗಿಲ್ವಾ?

ಹಾಗನ್ನಬೇಡಿ! ವೀಸಾದಲ್ಲಿ ಬರೆದ ಕೆಲಸವೇ ನಿಮ್ಮ ಕೆಲಸ. ಕುವೈತ್‌ಗೆ ಹೋಗುವ ಹೆಣ್ಣುಮಕ್ಕಳು ಇದನ್ನು ಮುಖ್ಯವಾಗಿ ನೋಡಬೇಕು. ಅಲ್ಲಿ 18ನೇ ನಂಬರಿನ ವೀಸಾ ಖಾಸಗಿ ಸಂಸ್ಥೆಯ ಕೆಲಸಕ್ಕೆ, 20ನೇ ನಂಬರಿನದು ಮನೆಗೆಲಸಕ್ಕೆ. 'ಮನೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುವ ಕೆಲಸ' ಅಂತ ಹೇಳಿ 20ನೇ ನಂಬರ್ ಕೊಟ್ಟರೆ ನೀವು ಕಾನೂನಿನ ಲೆಕ್ಕದಲ್ಲಿ ಮನೆಗೆಲಸದವರು. ಕಾಗದ ಅರೇಬಿಕ್‌ನಲ್ಲಿರುತ್ತದೆ. ಭಟ್ಕಳದಲ್ಲಿ ಅರೇಬಿಕ್ ಓದಬಲ್ಲವರು ಬೇಕಾದಷ್ಟು ಜನ ಸಿಗುತ್ತಾರೆ, ಒಮ್ಮೆ ಓದಿಸಿ.

ನಮಗೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕಾ? ಅದಕ್ಕೆ ಬೇರೆ ಫೀ ಕೇಳ್ತಿದ್ದಾರೆ.

ಬೇಡ. ಹತ್ತನೇ ತರಗತಿ ಪಾಸಾದವರ ಪಾಸ್‌ಪೋರ್ಟ್ ಇಸಿಆರ್ ವರ್ಗಕ್ಕೆ, ಅಂದರೆ ಕೆಲಸಕ್ಕೆ ಹೊರಡುವ ಮುಂಚೆ ಸರಕಾರದ ಅನುಮತಿ (ಎಮಿಗ್ರೇಷನ್ ಕ್ಲಿಯರೆನ್ಸ್) ಬೇಕಾದ ವರ್ಗಕ್ಕೆ, ಬರುವುದಿಲ್ಲ. ಬಿ.ಎಡ್. ಮಾಡಿದವರ ಮಾತು ಬಿಡಿ. ಹಳೆಯ ಪಾಸ್‌ಪೋರ್ಟಿನಲ್ಲಿ ಇಸಿಆರ್ ಅಂತ ಇದ್ದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೊಟ್ಟು ಮರುವಿತರಣೆ ಮಾಡಿಸಿಕೊಳ್ಳಿ. ಈ ಹೆಸರಿನಲ್ಲಿ ಫೀ ಕೇಳುವವರು ನಿಮಗೆ ಗೊತ್ತಿಲ್ಲ ಅನ್ನುವುದನ್ನೇ ಮಾರುತ್ತಿದ್ದಾರೆ.

ಸರ್ಟಿಫಿಕೇಟ್ ಅಟೆಸ್ಟೇಷನ್ ಅಂದ್ರೆ ಏನು? ನಾವೇ ಮಾಡಿಸಬಹುದಾ?

ಇಲ್ಲಿ ಮಾತ್ರ ಏಜೆಂಟರ ಪರವಾಗಿ ಎರಡು ಮಾತು ಹೇಳುತ್ತೇನೆ. ಕಾರವಾರದಲ್ಲಿ, ಶಿರಸಿಯಲ್ಲಿ ಕೂತವರಿಗೆ ಇದು ನಿಜವಾಗಿ ಕಿರಿಕಿರಿಯ ಕೆಲಸ.

ನಿಮ್ಮ ಡಿಗ್ರಿ, ಬಿ.ಎಡ್. ಅಸಲಿ ಅಂತ ಮೊದಲು ವಿಶ್ವವಿದ್ಯಾಲಯ ಹೇಳಬೇಕು. ನಮ್ಮ ಜಿಲ್ಲೆಯ ಹೆಚ್ಚಿನವರಿಗೆ ಅದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಆಮೇಲೆ ರಾಜ್ಯ ಸರಕಾರದ ಮಟ್ಟದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯ. ಅದರ ಮುಂದಿನದು ದೇಶ ನೋಡಿಕೊಂಡು. ಅಪೊಸ್ಟೀಲ್ ಅಂದರೆ ಒಂದು ದೇಶದ ದೃಢೀಕರಣವನ್ನು ಇನ್ನೊಂದು ದೇಶ ಒಪ್ಪುವ ಒಪ್ಪಂದದ ಮುದ್ರೆ. ಆ ಒಪ್ಪಂದದಲ್ಲಿರುವ ದೇಶವಾದರೆ ಸಚಿವಾಲಯದ ಅಪೊಸ್ಟೀಲ್ ಸ್ಟಿಕ್ಕರಿಗೇ ಕೆಲಸ ಮುಗಿಯುತ್ತದೆ. ಭಾರತ ಈ ಒಪ್ಪಂದಕ್ಕೆ ಸೇರಿದ್ದು 2005ರಲ್ಲಿ. ಒಮಾನ್, ಬಹರೇನ್ ಇದರಲ್ಲಿವೆ, ಸೌದಿ 2022ರ ಡಿಸೆಂಬರ್‌ನಿಂದ ಇದೆ. ಯುಎಇ, ಕುವೈತ್, ಕತಾರ್ ಸೇರಿಲ್ಲ, ಅವುಗಳಿಗೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು, ಅಲ್ಲಿ ಇಳಿದ ಮೇಲೆ ಅವರ ವಿದೇಶಾಂಗ ಇಲಾಖೆಯದ್ದೂ ಬೇಕು. ಸೌದಿಗೆ ಹೊರಟವರ ಹತ್ತಿರ ಈಗಲೂ 'ಎಂಬೆಸಿ ಅಟೆಸ್ಟೇಷನ್ ಚಾರ್ಜ್' ಅಂತ ಹಳೆಯ ರೇಟು ಕೇಳಿದರೆ, ಅಪೊಸ್ಟೀಲ್ ಸಾಕಾಗುವುದಿಲ್ಲವಾ ಅಂತ ಶಾಲೆಯನ್ನೇ ಕೇಳಿ.

ಅಪೊಸ್ಟೀಲಿಗೆ ಸರಕಾರದ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ. ಸಚಿವಾಲಯ 2012ರಿಂದ ಜನರಿಂದ ನೇರವಾಗಿ ಕಾಗದ ತೆಗೆದುಕೊಳ್ಳುತ್ತಿಲ್ಲ, ಅದು ನೇಮಿಸಿದ ಸಂಸ್ಥೆಗಳ ಮೂಲಕ ಕೊಡಬೇಕು. ಅವುಗಳ ಸೇವಾಶುಲ್ಕವೂ ಸಣ್ಣದೇ. 2019ರಿಂದ ಬೆಂಗಳೂರಿನಲ್ಲೇ ಇದು ಆಗುತ್ತದೆ, ದೆಹಲಿಗೆ ಹೋಗಬೇಕಿಲ್ಲ. ಹಾಗಾಗಿ ಅಟೆಸ್ಟೇಷನ್ನಿಗೆ ಏಜೆಂಟ್ ಕೇಳುವ ದುಡ್ಡಿನಲ್ಲಿ ಸರಕಾರದ ಪಾಲು ಚಿಲ್ಲರೆ, ಉಳಿದದ್ದು ಓಡಾಟದ ಕೂಲಿ. ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಸಾಲಿನಲ್ಲಿ ನಿಂತು, ಮತ್ತೆ ರಾತ್ರಿ ಬಸ್ಸಿಗೆ ವಾಪಸ್ ಬರುವಷ್ಟು ರಜೆ ನಿಮ್ಮ ಶಾಲೆ ಕೊಡುವುದಿಲ್ಲ ಅಂದರೆ ಆ ಕೂಲಿ ಕೊಡುವುದರಲ್ಲಿ ತಪ್ಪಿಲ್ಲ. ನನ್ನ ಸಲಹೆ ಹೀಗೆ: ಧಾರವಾಡದ ಕೆಲಸ ನೀವೇ ಮಾಡಿಕೊಳ್ಳಿ, ಮುಂದಿನದನ್ನು ಕೊಡಿ. ಕೊಡುವಾಗ ಯಾವ ಯಾವ ಮೂಲ ಕಾಗದ ಕೊಟ್ಟಿದ್ದೀರಿ ಅಂತ ಪಟ್ಟಿ ಬರೆದು ಅವರ ಸಹಿ, ಸೀಲು ಹಾಕಿಸಿಕೊಳ್ಳಿ.

ಒಂದು ಸಣ್ಣ ವಿಷಯ, ಆದರೆ ಕರಾವಳಿಯವರಿಗೆ ದೊಡ್ಡದು. ಮಳೆಗಾಲದ ಥಂಡಿಗೆ ಕಾಗದ ಬೂಸ್ಟು ಹಿಡಿಯುತ್ತದೆ ಅಂತ ನಾವು ಸರ್ಟಿಫಿಕೇಟುಗಳನ್ನೆಲ್ಲ ಲ್ಯಾಮಿನೇಷನ್ ಮಾಡಿಸಿಬಿಡುತ್ತೇವೆ. ಅಟೆಸ್ಟೇಷನ್ ಮುದ್ರೆ, ಸ್ಟಿಕ್ಕರ್ ಬೀಳುವುದು ಮೂಲ ಪ್ರತಿಯ ಹಿಂದೆ. ಲ್ಯಾಮಿನೇಷನ್ ಮೇಲೆ ಅದನ್ನು ಹಾಕುವುದಿಲ್ಲ, ವಾಪಸ್ ಕಳಿಸುತ್ತಾರೆ. ಬಿಡಿಸಲು ಹೋಗಿ ಡಿಗ್ರಿಯ ಅರ್ಧ ಅಕ್ಷರ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬಂದದ್ದನ್ನು ಕಣ್ಣಾರೆ ನೋಡಿದ್ದೇನೆ. ಆಮೇಲೆ ನಕಲು ಪ್ರತಿಗೆ ಮತ್ತೆ ಧಾರವಾಡ. ಇನ್ನೂ ಮಾಡಿಸಿಲ್ಲ ಅಂದರೆ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಹಾಕಿಡಿ, ಸಾಕು.

ಹೆಸರು ಒಂದೊಂದು ಕಡೆ ಒಂದೊಂದು ಥರ ಇದೆ.

ನಮ್ಮ ಜಿಲ್ಲೆಯ ಮಾಮೂಲಿ ರೋಗ. ಎಸ್ಸೆಸ್ಸೆಲ್ಸಿಯಲ್ಲಿ ಬರೀ ಇನಿಷಿಯಲ್, ಡಿಗ್ರಿಯಲ್ಲಿ ಅಪ್ಪನ ಹೆಸರು ಪೂರ್ತಿ, ಆಧಾರಿನಲ್ಲಿ ಊರಿನ ಹೆಸರೂ ಸೇರಿಕೊಂಡಿರುತ್ತದೆ. ಒಂದು ಕಡೆ ಹೆಗಡೆ, ಇನ್ನೊಂದು ಕಡೆ ಹೆಗ್ಡೆ. ನಾಯ್ಕ, ನಾಯಕ ಕಥೆಯೂ ಅದೇ. ಮದುವೆಯಾದ ಅಕ್ಕೋರಿಗೆ ಮೂರನೇ ಹೆಸರೂ ಬಂದಿರುತ್ತದೆ.

ಪಾಸ್‌ಪೋರ್ಟಿನಲ್ಲಿ ಎಸ್ಸೆಸ್ಸೆಲ್ಸಿಯ ಹೆಸರನ್ನೇ ಇನಿಷಿಯಲ್ ಬಿಡಿಸಿ ಬರೆಸುವುದು ಒಳ್ಳೆಯದು. ಉಳಿದ ವ್ಯತ್ಯಾಸಕ್ಕೆ ಅಫಿಡವಿಟ್ ಮಾಡಿಸಿ, ಅದನ್ನು ಶಾಲೆಗೆ ಮೊದಲೇ ತೋರಿಸಿ ಒಪ್ಪುತ್ತಾರಾ ಕೇಳಿ. ಇದನ್ನು ಕೆಲಸ ಹುಡುಕುವ ಮುಂಚೆ ಮಾಡಿ. ಆಫರ್ ಬಂದ ಮೇಲೆ ಶುರು ಮಾಡಿದರೆ ಶಾಲೆ ಕಾಯುವುದಿಲ್ಲ.

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೂಡ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲೇ, ಫೀ 500 ರೂಪಾಯಿ. ಹುಬ್ಬಳ್ಳಿ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಒಂದು ದಿನ ಹೋಗಿ ಬಂದರೆ ಆಯಿತು. ಇದಕ್ಕೆ ಏಜೆಂಟ್ ಬೇಡವೇ ಬೇಡ.

ನನ್ನ ಡಿಗ್ರಿ ದೂರಶಿಕ್ಷಣದ್ದು. ನಡೆಯುತ್ತಾ?

ಎಲ್ಲ ಕಡೆ ನಡೆಯುವುದಿಲ್ಲ. ಗಲ್ಫಿನಲ್ಲಿ ಕಾಲೇಜಿಗೆ ಹೋಗಿ ಓದಿದ್ದಾ, ಮನೆಯಲ್ಲಿ ಕೂತು ಓದಿದ್ದಾ ಅಂತ ವಿಶ್ವವಿದ್ಯಾಲಯದಿಂದ ಬರೆಸಿ ತರಲು ಹೇಳುತ್ತಾರೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಓದಿದವರು ವರ್ಷವನ್ನೂ ನೋಡಿಕೊಳ್ಳಬೇಕು. 2012-13ರ ನಂತರದ ಕೋರ್ಸುಗಳಿಗೆ ಮಾನ್ಯತೆ ಇಲ್ಲ ಅಂತ ಯುಜಿಸಿ 2015ರಲ್ಲಿ ಹೇಳಿತ್ತು, ಮತ್ತೆ ಮಾನ್ಯತೆ ಸಿಕ್ಕಿದ್ದು 2018-19ರಿಂದ. ನಡುವಿನ ವರ್ಷಗಳಲ್ಲಿ ಓದಿದವರು ಅಟೆಸ್ಟೇಷನ್ನಿಗೆ ದುಡ್ಡು ಹಾಕುವ ಮುಂಚೆ ಶಾಲೆಗೆ ಸರ್ಟಿಫಿಕೇಟ್ ಪ್ರತಿ ಕಳಿಸಿ, ಲಿಖಿತವಾಗಿ ಕೇಳಿ. 'ನಾನು ಮ್ಯಾನೇಜ್ ಮಾಡುತ್ತೇನೆ' ಅನ್ನುವ ಏಜೆಂಟ್ ಏನು ಮ್ಯಾನೇಜ್ ಮಾಡುತ್ತಾರೆ ಅಂತ ಯೋಚಿಸಿ. ಸುಳ್ಳು ಕಾಗದ ಸಿಕ್ಕಿಬಿದ್ದರೆ ಕೇಸು ಬೀಳುವುದು ನಿಮ್ಮ ಮೇಲೆ, ಅದೂ ಆ ದೇಶದಲ್ಲಿ.

ಪಾಸ್‌ಪೋರ್ಟ್ ಏಜೆಂಟ್ ಹತ್ರ ಇದೆ, ಬಾಕಿ ದುಡ್ಡು ಕೊಟ್ರೆ ಕೊಡ್ತೀನಿ ಅಂತಾರೆ.

ಹಾಗೆ ಒತ್ತೆ ಇಟ್ಟುಕೊಳ್ಳಲು ಅದು ಬಂಗಾರ ಅಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಪಾಸ್‌ಪೋರ್ಟ್ ಕೇಂದ್ರ ಸರಕಾರದ ಸ್ವತ್ತು, ನಿಮ್ಮದೂ ಅಲ್ಲ, ಅವರದ್ದಂತೂ ಅಲ್ಲವೇ ಅಲ್ಲ. ಹತ್ತಿರದ ಪೊಲೀಸ್ ಠಾಣೆಗೆ ಹೋಗಿ ದೂರು ಬರೆದು ಕೊಡುತ್ತೇನೆ ಅಂತ ಹೇಳಿ. ಎಷ್ಟೋ ಸಲ ಅಷ್ಟರಲ್ಲೇ ವಾಪಸ್ ಬರುತ್ತದೆ.

ಇಂಗ್ಲೆಂಡ್, ಅಮೆರಿಕಕ್ಕೂ ಟೀಚರ್ ಕಳಿಸ್ತೀವಿ ಅಂತಾರಲ್ಲ?

ಇಂಗ್ಲೆಂಡಿನ ಶಾಲೆ ನಿಮ್ಮನ್ನು ಕರೆಸಿಕೊಳ್ಳಬೇಕಾದರೆ ಅದಕ್ಕೆ ಸ್ಪಾನ್ಸರ್ ಲೈಸೆನ್ಸ್, ಅಂದರೆ ಹೊರದೇಶದವರನ್ನು ಕೆಲಸಕ್ಕೆ ಕರೆಸಲು ಅಲ್ಲಿನ ಸರಕಾರದ ಪರವಾನಗಿ, ಇರಬೇಕು. ಲೈಸೆನ್ಸ್ ಇರುವವರ ಪಟ್ಟಿಯನ್ನು ಬ್ರಿಟಿಷ್ ಸರಕಾರ ತನ್ನ ಜಾಲತಾಣದಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದೆ. ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಮಾರುವ ವಸ್ತು ಅಲ್ಲ, ಅದಕ್ಕೆ ರೇಟು ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಅರ್ಹ ಶಿಕ್ಷಕರೆಂಬ ಮಾನ್ಯತೆಗೆ 2023ರ ಫೆಬ್ರವರಿಯಿಂದ ಭಾರತದಲ್ಲಿ ಓದಿದ ಗಣಿತ, ವಿಜ್ಞಾನ, ಭಾಷಾ ಶಿಕ್ಷಕರೂ ಅರ್ಜಿ ಹಾಕಬಹುದು. ಅದನ್ನು ನೀವೇ ಹಾಕಬಹುದು.

ಅಮೆರಿಕಕ್ಕೆ ಹೋಗುವ ಟೀಚರುಗಳಲ್ಲಿ ಬಹಳ ಜನರ ದಾರಿ ಜೆ-1 ಅನ್ನುವ ವಿನಿಮಯ ವೀಸಾ. ಅದಕ್ಕೆ ಎರಡು ವರ್ಷದ ಪೂರ್ಣಾವಧಿ ಅನುಭವ ಬೇಕು. ಮೂರು ವರ್ಷಕ್ಕೆ ಸಿಗುತ್ತದೆ, ಹೆಚ್ಚೆಂದರೆ ಐದಕ್ಕೆ ವಿಸ್ತರಿಸಬಹುದು. ಸ್ಪಾನ್ಸರ್ ಸಂಸ್ಥೆಗಳನ್ನು ಅಲ್ಲಿನ ವಿದೇಶಾಂಗ ಇಲಾಖೆಯೇ ಗುರುತಿಸಿ ಪಟ್ಟಿ ಹಾಕಿದೆ. ಇದರಲ್ಲಿ ಹೋಗಿ ಅಲ್ಲೇ ನೆಲೆಸಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇನ್ನು ಎಚ್-1ಬಿ ಅನ್ನುವ ಕೆಲಸದ ವೀಸಾ ಅಂದರೆ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದ ವೀಸಾ. ಹಳ್ಳಿಯ ಒಂದು ಶಾಲೆ ನಿಮಗಾಗಿ ಅಷ್ಟು ಕಟ್ಟುತ್ತದೆ ಅಂತ ಹೇಳುವ ಏಜೆಂಟರ ಕಲ್ಪನಾಶಕ್ತಿಯನ್ನು ಮೆಚ್ಚಬೇಕು.

ಕಾಂಟ್ರಾಕ್ಟಿನಲ್ಲಿ ಏನು ನೋಡ್ಬೇಕು?

ಒಟ್ಟು ಸಂಬಳಕ್ಕಿಂತ ಮೂಲ ಸಂಬಳ ನೋಡಿ. ಯುಎಇಯಲ್ಲಿ ಒಂದು ವರ್ಷ ಮುಗಿಸಿದವರಿಗೆ ಗ್ರ್ಯಾಚುಟಿ ಸಿಗುತ್ತದೆ, ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಮೂಲ ಸಂಬಳದ ಲೆಕ್ಕ. ಮೂಲ ಸಂಬಳ ಕಡಿಮೆ ತೋರಿಸಿ ಅಲೋವೆನ್ಸ್ ಜಾಸ್ತಿ ಹಾಕಿದ್ದರೆ ಕೊನೆಗೆ ಕೈಗೆ ಬರುವುದು ಸ್ವಲ್ಪ. ಮನೆ ಶಾಲೆಯದ್ದಾ, ಒಂದು ಕೋಣೆಯಲ್ಲಿ ಎಷ್ಟು ಜನ, ಬೇಸಿಗೆ ರಜೆಗೆ ಸಂಬಳ ಇದೆಯಾ, ಊರಿಗೆ ಬರುವ ಟಿಕೆಟ್ ಯಾರದ್ದು, ನಡುವೆ ಬಿಟ್ಟರೆ ಏನು ಕಟ್ಟಬೇಕು, ಇವನ್ನೂ ಕೇಳಿ. ಪ್ರೊಬೇಷನ್ ಆರು ತಿಂಗಳಿಗಿಂತ ಜಾಸ್ತಿ ಇರುವ ಹಾಗಿಲ್ಲ.

ಗಂಡ, ಹೆಂಡತಿ, ಮಕ್ಕಳನ್ನು ಕರೆಸಿಕೊಳ್ಳುವ ಯೋಚನೆ ಇದ್ದರೆ ತಿಂಗಳಿಗೆ 4,000 ದಿರ್ಹಮ್, ಇಲ್ಲವೇ 3,000 ದಿರ್ಹಮ್ ಜೊತೆಗೆ ವಾಸದ ಮನೆ ಇರಬೇಕು. ಇದಕ್ಕಿಂತ ಕಡಿಮೆ ಸಂಬಳಕ್ಕೆ ಸಹಿ ಹಾಕಿ, ಆಮೇಲೆ 'ಫ್ಯಾಮಿಲಿ ವೀಸಾ ಕೊಡಿಸಿ' ಅಂತ ಏಜೆಂಟರನ್ನು ಕಾಡಿದರೆ ಪ್ರಯೋಜನವಿಲ್ಲ. ಸಂಜೆ ಮನೆಪಾಠ ಹೇಳಿ ಸರಿದೂಗಿಸುತ್ತೇನೆ ಅನ್ನುವವರಿಗೆ: ಅಲ್ಲಿ 2023ರ ಡಿಸೆಂಬರ್‌ನಿಂದ ಖಾಸಗಿ ಪಾಠಕ್ಕೆ ಪರ್ಮಿಟ್ ಕೊಡುತ್ತಾರೆ, ಅದಿಲ್ಲದೆ ಹೇಳುವ ಹಾಗಿಲ್ಲ.

ಅಲ್ಲಿ ಹೋದ ಮೇಲೆ ಹೇಳಿದ ಕೆಲಸ ಬೇರೆ, ಕೊಟ್ಟ ಕೆಲಸ ಬೇರೆ ಆದ್ರೆ?

ಮೊದಲು ಭಾರತೀಯ ರಾಯಭಾರ ಕಚೇರಿ. ಹೊರಡುವ ಮುಂಚೆಯೇ ಅದರ ನಂಬರ್ ಫೋನಿನಲ್ಲಿ ಹಾಕಿಟ್ಟುಕೊಳ್ಳಿ, ಮನೆಯವರ ಫೋನಿಗೂ ಹಾಕಿ. ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ನೀವಾಗಲಿ, ಊರಿನಿಂದ ಮನೆಯವರಾಗಲಿ ದೂರು ದಾಖಲಿಸಬಹುದು. ಜೊತೆಗೆ ಆ ದೇಶದ ಕಾರ್ಮಿಕ ಇಲಾಖೆಗೂ ಕೊಡಬಹುದು. ಸಹಿ ಹಾಕಿದ ಆಫರ್ ಲೆಟರಿನ ಪ್ರತಿ ಮನೆಯಲ್ಲೊಂದು ಇದ್ದರೆ ಈ ಎಲ್ಲ ಕೆಲಸ ಸಲೀಸು.

ದುಡ್ಡು ಹೋಯ್ತು. ಈಗೇನು ಮಾಡ್ಲಿ?

ನಾಚಿಕೆ ಪಟ್ಟು ಕೂರಬೇಡಿ. ಊರಲ್ಲಿ ಗೊತ್ತಾದರೆ ಮರ್ಯಾದೆ ಹೋಗುತ್ತದೆ ಅಂತ ಸುಮ್ಮನಿರುವವರೇ ಜಾಸ್ತಿ, ಏಜೆಂಟ್ ಬದುಕುವುದೇ ಅದರಿಂದ.

ಆನ್‌ಲೈನಿನಲ್ಲಿ ದುಡ್ಡು ಹಾಕಿದ್ದರೆ ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದರೆ ಖಾತೆಯಲ್ಲೇ ತಡೆಯುವ ಅವಕಾಶ ಇರುತ್ತದೆ. ಆಮೇಲೆ ಠಾಣೆಗೆ ಹೋಗಿ. ಮೋಸಕ್ಕೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಇದೆ, ಹಳೆಯ 420ರ ಜಾಗಕ್ಕೆ 2024ರ ಜುಲೈಯಿಂದ ಬಂದದ್ದು. ನೋಂದಣಿ ಇಲ್ಲದೆ ನೇಮಕಾತಿ ಮಾಡಿದ್ದರೆ ವಲಸೆ ಕಾಯ್ದೆಯನ್ನೂ ಸೇರಿಸಲು ಹೇಳಿ, ಅದರಲ್ಲಿ ಎರಡು ವರ್ಷದವರೆಗೆ ಜೈಲು. ದಂಡ ಮಾತ್ರ ಎರಡು ಸಾವಿರ ರೂಪಾಯಿವರೆಗೆ! 1983ರಲ್ಲಿ ಬರೆದ ಕಾನೂನು ಅಲ್ವಾ, ಆಗ ಅದು ದೊಡ್ಡ ಮೊತ್ತ.

ಇ-ಮೈಗ್ರೇಟ್‌ನಲ್ಲೂ ದೂರು ಕೊಡಿ. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 1800 11 3090. ನೋಂದಾಯಿತ ಏಜೆಂಟರಾದರೆ ಅವರು ಸರಕಾರದಲ್ಲಿ ಬ್ಯಾಂಕ್ ಗ್ಯಾರಂಟಿ ಇಟ್ಟಿರುತ್ತಾರೆ, ಹಾಗಾಗಿ ಈ ದೂರಿಗೆ ಹೆದರುತ್ತಾರೆ. ಬೆಂಗಳೂರಿನಲ್ಲಿ ವಲಸೆ ಸಂರಕ್ಷಣಾಧಿಕಾರಿಯ ಕಚೇರಿಯೂ ಇದೆ.

ಕಾರವಾರದ ಜಿಲ್ಲಾ ಗ್ರಾಹಕ ಆಯೋಗವನ್ನು ಮರೆಯಬೇಡಿ. ಐದು ಲಕ್ಷದವರೆಗಿನ ದೂರಿಗೆ ಶುಲ್ಕವೇ ಇಲ್ಲ, ವಕೀಲರನ್ನು ಇಡಲೇಬೇಕು ಅಂತಲೂ ಇಲ್ಲ. ಬೇಕಾದದ್ದು ಸಾಕ್ಷಿ: ರಸೀದಿ, ಯುಪಿಐ ದಾಖಲೆ, ವಾಟ್ಸಾಪ್ ಮಾತು, ವಾಯ್ಸ್ ಮೆಸೇಜ್. ಜಗಳ ಆದ ಕೂಡಲೇ ಸಿಟ್ಟಿನಲ್ಲಿ ಚಾಟ್ ಅಳಿಸಿಹಾಕುವವರಿದ್ದಾರೆ. ದಯವಿಟ್ಟು ಅಳಿಸಬೇಡಿ. ಕೈಯಲ್ಲಿ ನಗದು ಕೊಟ್ಟಿದ್ದರೆ, 'ನಾನು ಕೊಟ್ಟ ಒಂದೂವರೆ ಲಕ್ಷ ಯಾವಾಗ ವಾಪಸ್ ಕೊಡುತ್ತೀರಿ' ಅಂತ ಒಂದು ಮೆಸೇಜ್ ಹಾಕಿ. 'ಮುಂದಿನ ವಾರ ಕೊಡುತ್ತೇನೆ' ಅಂತ ಉತ್ತರ ಬಂದರೆ ಅದೇ ಸಾಕ್ಷಿ.

ನನ್ನ ಕೆಲಸ ಆಗಿದೆ. 'ನಿಮ್ಮ ಶಾಲೆಯ ಇನ್ನೂ ನಾಲ್ಕು ಜನರನ್ನ ಕರ್ಕೊಂಡು ಬನ್ನಿ, ಒಬ್ಬರಿಗೆ ಇಷ್ಟು ಅಂತ ಕೊಡ್ತೀನಿ' ಅಂತಾರೆ ಏಜೆಂಟ್. ತಪ್ಪಾ?

ತಪ್ಪು. ಆ ದುಡ್ಡು ಮುಟ್ಟಿದ ದಿನದಿಂದ ನೀವೇ ಸಬ್ ಏಜೆಂಟ್. ನಾಳೆ ಆ ನಾಲ್ಕರಲ್ಲಿ ಒಬ್ಬರ ವೀಸಾ ಕೆಟ್ಟರೆ ಅವರು ಮುಂಬೈಗೆ ಹೋಗುವುದಿಲ್ಲ, ನಿಮ್ಮ ಅಪ್ಪ ಅಮ್ಮ ಕೂತಿರುವ ಮನೆ ಬಾಗಿಲಿಗೆ ಬರುತ್ತಾರೆ. ಜೊತೆಯವರಿಗೆ ಸಹಾಯ ಮಾಡಬೇಕು ಅನ್ನಿಸಿದರೆ ಶಾಲೆಯ ಮೇಲ್ ವಿಳಾಸ ಕೊಡಿ. ಅರ್ಜಿ ಅವರೇ ಹಾಕಿಕೊಳ್ಳಲಿ.